ನಾಲ್ಕೂ ಬೋರ್ಡು ಖಾಲಿ

ಮನೆಯಿಂದ, ಊಟದ ಮೇಜಿನಲ್ಲಿ ನನಗೆ ಉಳಿದ ಮೂಲೆ
ಡಿಸೆಂಬರ್ ಹದಿನಾಲ್ಕು, ಶನಿವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

‘ಪ್ರೀತಿಯ’ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ಅದೊಂದು ಪದವನ್ನು ನಂಬಿಕೊಂಡು ಕಾಲು ಚಾಚಿ ಆರಾಮಾಗಿ ಓದಬೇಡ. ನೆಟ್ಟಗೆ ಕೂತು ಓದು. ಮೊದಲು ಆರೋಗ್ಯ. ಹೋಗುವಾಗ ಇದ್ದ ಕೆಮ್ಮು ಬಿಟ್ಟಿತೇ? ಏಣಿ ಹತ್ತಿ ದೀಪ ಕಟ್ಟುವವರಿಗೆ ಕೆಮ್ಮು ಒಳ್ಳೆಯದಲ್ಲ. ಏಣಿಯ ತುದಿಯಲ್ಲಿದ್ದಾಗ ಕೆಮ್ಮು ಬಂದರೆ ಯಾವ ಕೈ ಬಾಯಿಗೆ, ಯಾವ ಕೈ ಏಣಿಗೆ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ನಾಟಕದವರ ಜೊತೆ ಬರೀ ಚಹಾ ಕುಡಿದುಕೊಂಡು ತಿರುಗುತ್ತೀಯೋ? ನಿನ್ನ ಅಮ್ಮನಿಗೆ ಆಗೊಮ್ಮೆ ಈಗೊಮ್ಮೆ ನೀನು ಕಳಿಸುವ ‘ಚೆನ್ನಾಗಿದ್ದೀನಿ’ ಎಂಬ ಒಂದು ಪದದ ಸಂದೇಶದಿಂದ ಇದೆಲ್ಲ ತಿಳಿಯುವುದಿಲ್ಲ. ನಾನು ಚೆನ್ನಾಗಿಲ್ಲ. ಮಂಡಿ ನೋವು ಹಾಗೇ ಇದೆ, ಬೆಸುಗೆ ಕಡ್ಡಿ ತಗುಲಿ ಬೆರಳ ತುದಿ ಸುಟ್ಟಿದೆ, ರಕ್ತದೊತ್ತಡ ಏರಿದೆ. ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದರು. ಉಪ್ಪಿನಿಂದಲ್ಲ ಡಾಕ್ಟರೇ, ಮೊಮ್ಮಗಳಿಂದ ಎಂದೆ. ಅವರು ನಕ್ಕರು. ನಾನು ನಗಲಿಲ್ಲ.

ಫೋನಿನಲ್ಲೇ ಬೈದು ಮುಗಿಸಬಹುದಿತ್ತು, ನೀನು ಎತ್ತಿದ್ದರೆ. ಅಪ್ಪನ ನಂಬರು ಕಂಡರೆ ಎತ್ತುವುದಿಲ್ಲ, ಅದು ಅರ್ಥವಾಗುತ್ತದೆ. ನಾನು ನಿನಗೆ ಏನು ಮಾಡಿದ್ದೆ? ಕೊನೆಗೆ ನಿನ್ನ ಅಮ್ಮನನ್ನು ಪೀಡಿಸಿ ನಿಮ್ಮ ನಾಟಕ ಕಂಪನಿಯವರು ಇಳಿದುಕೊಂಡಿರುವ ವಿಳಾಸ ತೆಗೆದುಕೊಂಡೆ. ಕಾಗದದಲ್ಲಿ ಒಂದು ಅನುಕೂಲವಿದೆ. ನಾನು ಅರ್ಧ ಮಾತಿನಲ್ಲಿರುವಾಗ ‘ಅಜ್ಜೀ, ಆಮೇಲೆ ಮಾಡ್ತೀನಿ’ ಎಂದು ಕತ್ತರಿಸುವ ಹಾಗಿಲ್ಲ.

ಅಟ್ಟದಿಂದ ದೀಪದ ಪೆಟ್ಟಿಗೆ ಇಳಿಸಿದೆವು. ಇಳಿಸಿದೆವು ಎಂದರೆ ನಿನ್ನ ಅಪ್ಪ ಇಳಿಸಿದ. ಈ ವರ್ಷ ದೀಪ ಬೇಡವೆಂದೇ ನಾನು ಅಂದುಕೊಂಡಿದ್ದೆ. ವರ್ಷದ ಕೊನೆಯ ರಜೆ ಬಂತೆಂದರೆ ಬೇರೆ ಬೀದಿಯವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಮ್ಮ ಓಣಿಗೆ ಬರುವುದು ನೀನು ಮಾಡಿದ ದೀಪ ನೋಡಲು; ಮಾಡಿದವಳೇ ಇಲ್ಲದ ಮೇಲೆ ಇನ್ನೇನು ಎಂದು. ಒಂದು ಸಂಜೆ ಅವನು ಬಸ್ ಡಿಪೋದಿಂದ ಬಂದವನೇ ಕೈಯ ಗ್ರೀಸು ಕೂಡ ತೊಳೆಯದೆ ಅಟ್ಟಕ್ಕೆ ಏಣಿ ಹಾಕಿದ. ಏನೋ ಇದು ಎಂದರೆ ‘ಓಣಿಯವ್ರು ಕೇಳ್ತಿದ್ದಾರಮ್ಮ’ ಎಂದ. ಓಣಿಯವರು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಜಗಳ ಮಾಡಿ ಮಗಳನ್ನು ಮನೆಯಿಂದ ಓಡಿಸಿದ ಗಂಡಸಿಗೆ ಸುಳ್ಳು ಹೇಳಲಿಕ್ಕಾದರೂ ಬರಬೇಡವೇ? ಮುಖ ನೋಡಿದರೆ ಗೊತ್ತಾಗುತ್ತಿತ್ತು. ನಾನು ಮೇಜಿನ ಮೇಲಿದ್ದ ಪಾತ್ರೆಗಳನ್ನು ಸರಿಸಿ ಜಾಗ ಮಾಡಿಕೊಟ್ಟೆ.

ಪೆಟ್ಟಿಗೆಯಲ್ಲಿ ಎಲ್ಲವೂ ನೀನು ಇಟ್ಟ ಹಾಗೇ ಇತ್ತು. ದೀಪದ ಪಟ್ಟಿಗಳನ್ನು ಸುರುಳಿ ಸುತ್ತಿ ರಬ್ಬರ್ ಹಾಕಿದ್ದೆ. ದೀಪಗಳಿಗೆ ಹೇಗೆ ಹತ್ತಬೇಕೆಂದು ಹೇಳುವ ನಾಲ್ಕು ಪುಟ್ಟ ಬೋರ್ಡುಗಳೂ ನಾಲ್ಕು ಸೋಪಿನ ಡಬ್ಬಿಯಲ್ಲಿ: ಗೇಟಿನದು, ಮಹಡಿ ಅಂಚಿನದು, ಮರದ್ದು, ಓಣಿಯ ತುದಿಯ ಕಂಬದ್ದು. ನೋಡಿ ನನಗೆ ಹೆಮ್ಮೆಯಾಯಿತು ಎಂದರೆ ನಂಬು. ಟೆಲಿಫೋನು ಕಾರ್ಖಾನೆಯ ವೈರಿಂಗ್ ಸಾಲಿನಲ್ಲಿ ಕೂದಲು ಹಣ್ಣಾಗುವವರೆಗೆ ಕೂತವಳು ನಾನು. ಬೆಸುಗೆ ಯಾರದು, ಎಷ್ಟು ತಾಳ್ಮೆಯದು ಎಂದು ಒಂದು ನೋಟಕ್ಕೆ ಹೇಳುತ್ತೇನೆ. ನಿನಗೆ ಬೆಸುಗೆ ಕಡ್ಡಿ ಹಿಡಿಯಲು ಕಲಿಸಿದ್ದು ಈ ಕೈ. ನಿನ್ನ ಬೆಸುಗೆ ಈಗ ನನ್ನದಕ್ಕಿಂತ ಸಣ್ಣ, ನನ್ನದಕ್ಕಿಂತ ಹೊಳಪು. ಇದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ, ಇನ್ನು ಮುಂದೆ ಹೊಗಳಿಕೆ ಇಲ್ಲ.

ಪ್ಲಗ್ ಹಾಕಿದೆವು. ಒಂದು ದೀಪವೂ ಹತ್ತಲಿಲ್ಲ. ಗೇಟಿನದು ಸತ್ತಿದೆ ಎಂದು ಮಹಡಿಯದು ನೋಡಿದರೆ ಅದೂ ಸತ್ತಿದೆ, ಮರದ್ದೂ ಸತ್ತಿದೆ, ಕಂಬದ್ದೂ ಸತ್ತಿದೆ. ನಾನು ಮಲ್ಟಿಮೀಟರ್ ಹಿಡಿದು ಕೂತೆ. ಅಡಾಪ್ಟರಿನಿಂದ ಐದು ವೋಲ್ಟು ಬರುತ್ತಿದೆ, ಬೋರ್ಡಿಗೆ ತಲುಪುತ್ತಿದೆ, ಪಟ್ಟಿಗೂ ತಲುಪುತ್ತಿದೆ. ವೈರುಗಳೆಲ್ಲ ಗಟ್ಟಿ. ನಿನ್ನ ಅಪ್ಪ ತಲೆ ಕೆರೆದುಕೊಂಡು ‘ಎಂಜಿನ್‌ಗೆ ಡೀಸೆಲ್ ಹೋಗ್ತಿದೆ, ಗಾಳಿ ಹೋಗ್ತಿದೆ, ಆದ್ರೂ ಸ್ಟಾರ್ಟ್ ಆಗಲ್ಲ ಅಂದ್ರೆ ಇದೆಂಥ ಕಾಯಿಲೆ?’ ಎಂದ. ನನಗೆ ಆಗಲೇ ಮನಸ್ಸಿನಲ್ಲಿ ಏನೋ ಚುಚ್ಚಿತು. ಒಂದು ಬೋರ್ಡು ಕೆಟ್ಟರೆ ಹಳತಾಯಿತು ಅನ್ನಬಹುದು. ನಾಲ್ಕಕ್ಕೆ ನಾಲ್ಕೂ ಒಟ್ಟಿಗೆ ಕೆಡುವುದಿಲ್ಲ. ಕಾರ್ಖಾನೆಯಲ್ಲಿ ಒಂದು ಸಾಲಿನ ಫೋನುಗಳೆಲ್ಲ ಮೂಕವಾದರೆ ನಾವು ಫೋನನ್ನು ಬಿಚ್ಚುತ್ತಿರಲಿಲ್ಲ, ಆ ಸಾಲಿನಲ್ಲಿ ಯಾರು ಕೂತಿದ್ದರು ಎಂದು ವಿಚಾರಿಸುತ್ತಿದ್ದೆವು.

ಆದರೂ ನಿನ್ನ ಮೇಲೆ ಅನುಮಾನ ಪಡಲು ಮನಸ್ಸು ಒಪ್ಪಲಿಲ್ಲ. ಪ್ರೋಗ್ರಾಮ್ ಏನೋ ಮರೆತಿರಬೇಕು, ಮತ್ತೆ ಹಾಕಿದರಾಯಿತು ಎಂದು ನೀನು ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ತೆರೆದೆವು. ಬೋರ್ಡಿಗೆ ಕೇಬಲ್ ಸಿಕ್ಕಿಸಿದರೆ ಕಂಪ್ಯೂಟರಿಗೆ ಅದು ಕಾಣಿಸುವುದೇ ಇಲ್ಲ. ನಿನ್ನ ಅಪ್ಪ ಕೇಬಲ್ ತೆಗೆದ, ಹಾಕಿದ, ಊದಿದ, ಬೈದ, ಬನಿಯನ್ನಿಗೆ ಒರೆಸಿ ಮತ್ತೆ ಹಾಕಿದ. ಎರಡು ಸಂಜೆ ಅದರಲ್ಲೇ ಹಾಳಾಯಿತು. ಕೊನೆಗೆ ನಾನು ಆ ಕೇಬಲ್ಲಿನ ಎರಡೂ ತುದಿಗೆ ಮೀಟರ್ ಹಿಡಿದು ನೋಡಿದರೆ ಒಳಗೆ ನಾಲ್ಕು ವೈರು ಇರಬೇಕಾದಲ್ಲಿ ಎರಡೇ ಇವೆ! ಬರೀ ಫೋನ್ ಚಾರ್ಜ್ ಮಾಡುವ ಕೇಬಲ್ಲು. ಕರೆಂಟು ಹೋಗುತ್ತದೆ, ಮಾತು ಹೋಗುವುದಿಲ್ಲ. ಇಂಥ ಅರ್ಧಂಬರ್ಧ ಕೇಬಲ್ ಮಾಡಿದವರು ಎದುರಿಗೆ ಸಿಕ್ಕಿದ್ದರೆ ಅದರಿಂದಲೇ ಕಟ್ಟಿಹಾಕುತ್ತಿದ್ದೆ. ಬೇರೆ ಕೇಬಲ್ ಹಾಕಿದ ಮೇಲೆ ಬೋರ್ಡು ಕಾಣಿಸಿತು. ಪ್ರೋಗ್ರಾಮ್ ಹುಡುಕಿದರೆ ನೀನು ಯಾವಾಗಲೂ ಇಡುತ್ತಿದ್ದ ಜಾಗದಲ್ಲಿ ಏನೂ ಇಲ್ಲ. ಸರಿ, ಒಂದು ದೀಪ ಮಿಟುಕಿಸುವ ಪುಟ್ಟ ಪ್ರೋಗ್ರಾಮನ್ನಾದರೂ ಕಳಿಸಿ ನೋಡೋಣವೆಂದರೆ, ಬೋರ್ಡು ಉತ್ತರ ಕೊಡುತ್ತಿಲ್ಲ ಎಂಬ ಕೆಂಪು ಸಾಲು. ಬೋರ್ಡಿನ ಹೆಸರು ಬದಲಿಸಿದೆವು, ಕೆಂಪು ಸಾಲು. ಲ್ಯಾಪ್‌ಟಾಪ್ ಆರಿಸಿ ಹೊತ್ತಿಸಿದೆವು, ಅದೇ ಕೆಂಪು ಸಾಲು. ನಿನ್ನ ಅಮ್ಮ ನಮ್ಮಿಬ್ಬರನ್ನೂ ನೋಡಿ ಮೇಜಿನ ಆಸೆ ಬಿಟ್ಟು, ತಟ್ಟೆ ಹಿಡಿದು ಒಲೆಯ ಹತ್ತಿರ ನಿಂತೇ ಊಟ ಮಾಡಿ ಡ್ಯೂಟಿಗೆ ಹೋದಳು.

ಭಾನುವಾರ ನಾಲ್ಕೂ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು, ನೀನು ಬಿಡಿಭಾಗ ತರುತ್ತಿದ್ದ ಅಂಗಡಿಗೆ ಹೋದೆವು. ಮಂಡಿ ನೋವಿಟ್ಟುಕೊಂಡು ನಾನೂ ಹೋದೆ. ಆ ಅಂಗಡಿಯವನಿಗೆ ನಿನ್ನ ಮೇಲೆ ಎಷ್ಟು ಗೌರವವೆಂದರೆ, ನಿನ್ನ ಅಜ್ಜಿ ಎಂದು ಸ್ಟೂಲು ಒರೆಸಿ ಕೂರಿಸಿದ. ಆರು ವೈರಿನ ಒಂದು ಉಪಕರಣ ತಂದು ನೇರವಾಗಿ ಬೋರ್ಡಿನ ಮೇಲಿನ ಚಿಪ್ಪಿನ ಕಾಲುಗಳಿಗೆ ಸಿಕ್ಕಿಸಿ, ಒಳಗಿನ ನೆನಪನ್ನೆಲ್ಲ ಕಂಪ್ಯೂಟರಿಗೆ ಓದಿಸಿದ. ಪರದೆಯ ತುಂಬ ಎಫ್ ಎಫ್, ಎಫ್ ಎಫ್, ಎಫ್ ಎಫ್. ಏನಪ್ಪಾ ಇದು ಎಂದೆ. ‘ಖಾಲಿ ಅಂತ ಅಜ್ಜಿ. ಹೊಸ ಚಿಪ್ ಕಾರ್ಖಾನೆಯಿಂದ ಬಂದಾಗ ಹೀಗೇ ಇರುತ್ತೆ’ ಎಂದ. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ನಾಲ್ಕನೆಯದನ್ನು ಓದಿಸುವಾಗ ಅವನ ಮುಖ ಸಪ್ಪಗಾಯಿತು. ‘ಕೇಬಲ್‌ನಿಂದ ಪ್ರೋಗ್ರಾಮ್ ಇಳಿಸಿಕೊಳ್ಳೋಕೆ ಒಳಗೆ ಒಂದು ಚಿಕ್ಕ ಬಾಗಿಲು ಅಂತ ಇರುತ್ತೆ. ಅದನ್ನೂ ಬಿಟ್ಟಿಲ್ಲ. ಇದು ತಾನಾಗಿ ಆಗೋದಲ್ಲ. ಯಾರೋ ಬೇಕಂತಲೇ ಪೂರ್ತಿ ಅಳಿಸಿದ್ದಾರೆ.’

ನಿನ್ನ ಅಪ್ಪ ತಕ್ಷಣ ‘ಅಯ್ಯೋ, ನಾನೇ ಏನೋ ಒತ್ತಿಬಿಟ್ಟೆ. ಕಂಪ್ಯೂಟರ್ ಗೊತ್ತಿಲ್ದೋರು ಮುಟ್ಟಬಾರ್ದು’ ಎಂದ. ಅಂಗಡಿಯವನು ಅವನ ಮುಖ ನೋಡಿದ, ನನ್ನ ಮುಖ ನೋಡಿದ, ಬೋರ್ಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿಕೊಟ್ಟ.

ಗುಬ್ಬಿ, ನನಗೆ ಆ ಅಂಗಡಿಯ ಸ್ಟೂಲಿನ ಮೇಲೆ ಕೂತಲ್ಲೇ ಮೈ ಉರಿದುಹೋಯಿತು. ಯಾಕೆಂದರೆ ನನಗೆ ನೆನಪಾಯಿತು. ನೀನು ಹೊರಡುವ ಹಿಂದಿನ ದಿನ ಮಧ್ಯಾಹ್ನ ಬಾಗಿಲು ಅರ್ಧ ಹಾಕಿಕೊಂಡು ಈ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹೋಗುವ ಮೊದಲು ದೂಳು ಒರೆಸಿ ಇಡುತ್ತಿದ್ದಾಳೆ, ಎಷ್ಟಾದರೂ ಮನೆಯ ಮೇಲೆ ಅಕ್ಕರೆ ಎಂದುಕೊಂಡು, ನಾನೇ ಹಳೆಯ ಮೆತ್ತನೆ ಬಟ್ಟೆ ತಂದುಕೊಟ್ಟೆ. ನೀನು ಅದನ್ನು ತೆಗೆದುಕೊಂಡು ‘ಥ್ಯಾಂಕ್ಸ್ ಅಜ್ಜಿ’ ಎಂದೆ. ಎಂಥ ಗಟ್ಟಿ ಹುಡುಗಿ ನೀನು! ನನ್ನ ಕೈಯಿಂದ ಬಟ್ಟೆ ಈಸಿಕೊಂಡು ನನ್ನ ಮುಂದೆಯೇ ಒರೆಸಿದೆ, ಒಳಗೂ ಹೊರಗೂ.

ಆ ಜಗಳದಲ್ಲಿ ನಾನು ಯಾರ ಪಕ್ಷ ಎಂದು ನಿನಗೆ ಗೊತ್ತಿದೆ. ವಿಮಾ ಕಚೇರಿಯ ಕೆಲಸ ಬಿಟ್ಟು ನಾಟಕಗಳಿಗೆ ದೀಪ ಮಾಡುತ್ತೇನೆ ಎಂದು ನೀನು ಅಂದಾಗ ನಾನು ಒಂದು ಮಾತು ಆಡಲಿಲ್ಲ. ಇಷ್ಟವಿಲ್ಲದ ಕುರ್ಚಿಯಲ್ಲಿ ಕೂತವರ ಬೆನ್ನು ಹೇಗೆ ಬಾಗುತ್ತದೆ ಎಂದು ನೋಡಿದ್ದೇನೆ. ಬಾಯಿ ಬಿಟ್ಟವನು ಅವನು. ‘ದೀಪ ಹೊತ್ಕೊಂಡು ಊರೂರು ತಿರುಗೋದೂ ಒಂದು ಕೆಲಸನಾ?’ ಎಂದ. ನೀನು ಈ ಬೋರ್ಡುಗಳನ್ನು ತೋರಿಸಿದರೆ ‘ಇದು ಮಕ್ಕಳಾಟ’ ಎಂದ. ‘ಹೋಗೋದಾದ್ರೆ ಹೋಗು’ ಎಂದ. ಹಾಗೆ ಅಂದದ್ದು ತಪ್ಪು, ಅಂದೇ ಅವನಿಗೆ ಹೇಳಿದೆ, ಆಮೇಲೂ ಹೇಳುತ್ತಲೇ ಇದ್ದೇನೆ, ಅವನು ನನ್ನ ಮಗನಾದ್ದರಿಂದ ಬೈಯಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಕೋಪ ಬಂದರೆ ತಿರುಗಿ ಬೈಯಬೇಕು ಮಗಳೇ. ತಟ್ಟೆ ಎಸೆಯಬೇಕು. ಬೈದರೆ ಎದುರಿನವನೂ ಬೈಯುತ್ತಾನೆ, ಗಂಟಲು ನೋಯುತ್ತದೆ, ಯಾರಾದರೂ ನೀರು ತಂದುಕೊಡುತ್ತಾರೆ. ಸದ್ದಿಲ್ಲದೆ ಅಳಿಸಿಟ್ಟು ಹೋದರೆ ಎದುರಿನವನು ಏನು ಮಾಡಬೇಕು? ನನ್ನದೇ ಕೆಲಸ, ನಾನೇ ಅಳಿಸಿದೆ ಎನ್ನುತ್ತೀಯ. ಪ್ರೋಗ್ರಾಮ್ ನಿನ್ನದು, ಒಪ್ಪಿದೆ. ಓಣಿಯ ಉದ್ದಕ್ಕೂ ವೈರು ಎಳೆದವನು ಯಾರು? ಮರ ಹತ್ತಿ ಪಟ್ಟಿ ಕಟ್ಟಿದವನು ಯಾರು? ಕಣ್ಣಿಗೆ ಕನ್ನಡಕದ ಮೇಲೆ ಕನ್ನಡಕ ಹಾಕಿಕೊಂಡು ಕೊಂಡಿ ಬೆಸೆದವಳು ಯಾರು? ನಿನ್ನ ಪಾಲಿನದನ್ನು ನೀನು ತೆಗೆದುಕೊಂಡು ಹೋದೆ ಅಂದುಕೊಂಡಿದ್ದೀಯ. ನಮ್ಮ ಪಾಲಿನದನ್ನೂ ಕತ್ತಲೆ ಮಾಡಿ ಹೋದೆ.

ಅಂಗಡಿಯಿಂದ ಬರುವಾಗ ಬಸ್ಸಿನಲ್ಲಿ ನಾನು ತಡೆಯಲಾರದೆ ಹೇಳಿಬಿಟ್ಟೆ, ‘ಅವಳೇ ಅಳಿಸಿರೋದು’ ಎಂದು. ಅವನು ಕಿಟಕಿಯ ಕಡೆ ನೋಡುತ್ತ ‘ಗೊತ್ತಮ್ಮ’ ಎಂದ. ಸ್ವಲ್ಪ ದೂರ ಹೋದ ಮೇಲೆ ತಾನಾಗಿ ಅಂದ, ‘ಮಕ್ಕಳಾಟ ಅಂದಿದ್ದೆ. ಮಕ್ಕಳಾಟ ಆದ್ರೆ ಅಳಿಸಿದ್ರೆ ನಿಂಗೇನು ನಷ್ಟ ಅಂತ ಕೇಳಿದ್ದಾಳೆ.’ ಅವನ ಕೈಚೀಲದಲ್ಲಿ ಆ ಆರು ವೈರಿನ ಉಪಕರಣ ಇತ್ತು. ಯಾವಾಗ ಕೊಂಡನೋ ನಾನು ನೋಡಲೇ ಇಲ್ಲ.

ಅಲ್ಲಿಂದ ಶುರುವಾಯಿತು ನೋಡು ನಮ್ಮ ಮನೆಯ ಗೋಳು. ಅವನಿಗೆ ಪ್ರೋಗ್ರಾಮ್ ಕಲಿಯಬೇಕಂತೆ! ಡಿಪೋದಿಂದ ಬಂದವನು ಚಹಾ ಲೋಟ ಹಿಡಿದು ಫೋನಿನಲ್ಲಿ ಯಾರೋ ಪಾಠ ಹೇಳುವುದನ್ನು ನೋಡುತ್ತಾನೆ, ನಿಲ್ಲಿಸುತ್ತಾನೆ, ಎರಡೇ ಬೆರಳಿನಿಂದ ಕುಟ್ಟುತ್ತಾನೆ. ಮೊದಲು ಚಿಪ್ಪಿಗೆ ಆ ಚಿಕ್ಕ ಬಾಗಿಲನ್ನು ಮತ್ತೆ ಕೂರಿಸಬೇಕಿತ್ತು. ಅಂಗಡಿಯವನು ಹೇಳಿಕೊಟ್ಟಿದ್ದರೂ ಒಂದು ವೈರು ತಿರುವುಮುರುವಾಗಿ ಹಾಕಿ, ಕೆಲಸವಾಗದೆ, ಲ್ಯಾಪ್‌ಟಾಪಿನ ಮೇಲೆ ಕೈ ಎತ್ತಿದ. ನಾನು ಬೆಸುಗೆ ಕಡ್ಡಿ ತೋರಿಸಿದ ಮೇಲೆ ಇಳಿಸಿದ. ಆಮೇಲೆ ಸಾಲಿನ ಕೊನೆಯಲ್ಲಿ ಅರ್ಧವಿರಾಮದ ಒಂದು ಚುಕ್ಕೆ-ಕೊಂಬು ಬಿಟ್ಟರೆ ಇಡೀ ಪುಟವೇ ತಪ್ಪು ಎನ್ನುತ್ತದೆ ಆ ಕಂಪ್ಯೂಟರು. ತಪ್ಪು ಹದಿನಾರನೆಯ ಸಾಲಿನಲ್ಲಿ ಎಂದು ಹೇಳುತ್ತದೆ, ಹೋಗಿ ನೋಡಿದರೆ ಇರುವುದು ಹದಿನೈದರಲ್ಲಿ. ಇದನ್ನು ಮಾಡಿದವರಿಗೆ ಮನೆ ತೋರಿಸುವಾಗಲೂ ಪಕ್ಕದ ಮನೆ ತೋರಿಸುವ ಅಭ್ಯಾಸವಿರಬೇಕು. ಇಷ್ಟೆಲ್ಲ ನಿನಗೆ ಅಂಗೈಯ ಗೆರೆಯಷ್ಟು ಪರಿಚಿತ, ಒಮ್ಮೆಯಾದರೂ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆಯಾ? ‘ನಿಮಗೆ ಅರ್ಥ ಆಗಲ್ಲ ಬಿಡಿ’ ಅನ್ನುತ್ತಿದ್ದೆ. ಅವನು ನಿನ್ನ ಕೆಲಸವನ್ನು ಆಟ ಎಂದ, ನೀನು ನಮ್ಮ ತಲೆಯನ್ನು ಮಣ್ಣು ಎಂದೆ. ಲೆಕ್ಕ ಸರಿಹೋಯಿತು ಅನ್ನಲೇ?

ಬೋರ್ಡಿನ ಮೇಲಿನ ಆ ಒಂದು ಚಿಕ್ಕ ದೀಪ ಮೊದಲ ಸಲ ಮಿಟುಕಿದಾಗ ಮಾತ್ರ, ನಿನ್ನ ಅಪ್ಪ ಐವತ್ತು ದಾಟಿದವನು, ಡ್ಯೂಟಿ ಮುಗಿಸಿ ಬಂದು ಮಲಗಿದ್ದ ನಿನ್ನ ಅಮ್ಮನನ್ನು ಎಬ್ಬಿಸಿ ಕರೆತಂದ. ಅವಳು ಕಣ್ಣುಜ್ಜಿಕೊಂಡು ನೋಡಿ ‘ಇಷ್ಟೇನಾ?’ ಎಂದಳು. ಇಷ್ಟೇ. ಆದರೆ ಆ ಮನುಷ್ಯ ಅವತ್ತು ಎರಡು ಸಲ ಊಟ ಬಡಿಸಿಕೊಂಡ.

ಮುಂದಿನದು ಕೇಳು. ಗೇಟಿಗೆ ಕೆಂಪು ಬರೆದರೆ ಹಸಿರು ಬರುತ್ತದೆ, ಹಸಿರು ಬರೆದರೆ ಕೆಂಪು. ನಾವು ವೈರು ಬಿಚ್ಚಿ ಕಟ್ಟಿ ಸಾಕಾದೆವು. ಆ ಪಟ್ಟಿ ಮಾಡಿದವರು ಬಣ್ಣಗಳನ್ನು ಎಣಿಸುವಾಗ ಹಸಿರನ್ನು ಮೊದಲು ಎಣಿಸುತ್ತಾರಂತೆ, ಅದಕ್ಕೆ ಪ್ರೋಗ್ರಾಮಿನಲ್ಲಿ ಅಕ್ಷರ ಅದಲುಬದಲು ಮಾಡಬೇಕಂತೆ. ಅಂಗಡಿಯವನು ಫೋನಿನಲ್ಲಿ ಹೇಳಿದ, ನಗುತ್ತ ಹೇಳಿದ. ಆಮೇಲೆ ಮಹಡಿಯ ಪಟ್ಟಿ. ಅರ್ಧ ದೀಪ ಹತ್ತಿದರೆ ಸರಿಯಾಗಿರುತ್ತದೆ, ಎಲ್ಲ ಬಿಳಿಯಾಗಿ ಹತ್ತಿದ ಕೂಡಲೇ ತಪ್ಪನೆ ಆರಿ ಮೊದಲಿನಿಂದ ಶುರು. ಹತ್ತುವುದು, ಆರುವುದು, ಬಿಕ್ಕಳಿಕೆ ಬಂದ ಹಾಗೆ. ಅವನು ಪ್ರೋಗ್ರಾಮಿನಲ್ಲೇ ತಪ್ಪು ಹುಡುಕುತ್ತಿದ್ದ. ನಾನು ಮೀಟರ್ ಹಿಡಿದುಕೊಂಡೇ ಹತ್ತಿಸು ಎಂದೆ. ಎಲ್ಲ ದೀಪ ಹತ್ತಿದ ಕ್ಷಣ ಐದು ವೋಲ್ಟು ಕುಸಿದು ಮೂರಕ್ಕೆ ಬಂತು. ಹೊಟ್ಟೆಗಿಲ್ಲದೆ ಚಿಪ್ಪು ತಲೆ ತಿರುಗಿ ಬೀಳುತ್ತಿದೆ, ಪ್ರೋಗ್ರಾಮಿನ ತಪ್ಪಲ್ಲ ಕಣೋ ಎಂದೆ. ಬೆಳಕಿನ ಜೋರು ಕಡಿಮೆ ಮಾಡಿ, ದೊಡ್ಡ ಅಡಾಪ್ಟರ್ ಹಾಕಿದ ಮೇಲೆ ನಿಂತಿತು. ನಾನು ಗೆದ್ದವಳಂತೆ ಕೂತಿದ್ದೆ; ಅವನು ‘ಇದು ಅವ್ಳಿಗೆ ಗೊತ್ತಿತ್ತು. ಯಾವಾಗ್ಲೂ ಜೋರು ಕಮ್ಮಿ ಇಡ್ತಿದ್ಲು, ನಾನು ಜಾಸ್ತಿ ಮಾಡು ಅಂತ ಬೈತಿದ್ದೆ’ ಎಂದ.

ಇನ್ನೊಂದು ಹೇಳಬೇಕು, ಹೇಳುವಾಗ ಕೋಪ ಇನ್ನೂ ಹೆಚ್ಚುತ್ತದೆ. ನಿನ್ನ ಆ ಅಲೆ ಇತ್ತಲ್ಲ, ಗೇಟಿನಲ್ಲಿ ಹುಟ್ಟಿ ಮಹಡಿ ಅಂಚಿನಲ್ಲಿ ಓಡಿ ಮರ ಹತ್ತಿ ಇಳಿದು ಕಂಬದ ತುದಿಯಲ್ಲಿ ಹೋಗಿ ಒಡೆಯುತ್ತಿದ್ದ ನೀಲಿ ಅಲೆ, ಅದನ್ನೇ ಮತ್ತೆ ಮಾಡಬೇಕೆಂದು ಅವನು ಹಠ ಹಿಡಿದ. ಹೇಗೆ ಓಡುತ್ತಿತ್ತು ಎಂದು ಯಾರಿಗೆ ನೆನಪಿದೆ? ನನಗಂತೂ ಚೆಂದವಾಗಿತ್ತು ಎಂಬುದಷ್ಟೇ ನೆನಪು. ಅವನು ಕಣ್ಣು ಮುಚ್ಚಿ ಮೇಜಿನ ಮೇಲೆ ಬೆರಳಿನಿಂದ ತಟ್ಟತೊಡಗಿದ. ‘ಗೇಟಲ್ಲಿ ನಿಧಾನ... ಮಹಡಿಲಿ ಜೋರು... ಮರದ ಕೆಳಗೆ ಒಂದು ಸಲ ನಿಲ್ಲುತ್ತೆ, ಉಸಿರು ತಗೊಂಡ ಹಾಗೆ... ಆಮೇಲೆ ಏರುತ್ತೆ.’ ತಟ್ಟುತ್ತಾನೆ, ಬರೆಯುತ್ತಾನೆ, ಮತ್ತೆ ತಟ್ಟುತ್ತಾನೆ. ಪ್ರತಿ ವರ್ಷ ದೀಪ ಹತ್ತಿದ ಕೂಡಲೇ ಬೀಡಿ ಸೇದುವ ನೆಪದಲ್ಲಿ ಎದುರು ಗೋಡೆಗೆ ಒರಗಿ, ನೋಡದವನಂತೆ ನಿಲ್ಲುತ್ತಿದ್ದನಲ್ಲ, ಅಷ್ಟೂ ನೋಡಿದ್ದಾನೆ ಗುಬ್ಬಿ. ಒಂದು ಅಲೆಯನ್ನೂ ಬಿಟ್ಟಿಲ್ಲ. ನನಗೆ ಅಳು ಬರುವ ಬದಲು ಸಿಟ್ಟು ಬಂತು. ಕೈಯಲ್ಲಿದ್ದ ಚಮಚವನ್ನು ಅವನ ಮೇಲೆ ಎಸೆದೆ. ಇಷ್ಟು ಬಾಯಿಪಾಠ ಮಾಡಿಕೊಂಡವನಿಗೆ ‘ಚೆನ್ನಾಗಿದೆ ಮಗಳೇ’ ಎಂಬ ಎರಡು ಪದ ಬಾಯಿಗೆ ಬರಲಿಲ್ಲವೇ ಎಂದೆ. ಅವನು ಚಮಚ ಎತ್ತಿ ಮೇಜಿನ ಮೇಲಿಟ್ಟು ‘ಬರೀತಿದ್ದೀನಿ, ಲೆಕ್ಕ ತಪ್ಪುತ್ತೆ, ಸ್ವಲ್ಪ ಸುಮ್ನಿರಮ್ಮ’ ಎಂದ.

ನಿನ್ನೆ ಸಂಜೆ ಕಟ್ಟಿ ನೋಡಿದೆವು. ಓಣಿಯವರು ಕುರ್ಚಿ ಹಾಕಿಕೊಂಡು ಕೂತಿದ್ದರು. ಗೇಟು ಹತ್ತಿತು, ಮಹಡಿ ಓಡಿತು, ಮರದ ಕೆಳಗೆ ಅಲೆ ಒಂದು ಕ್ಷಣ ನಿಂತು ಮೇಲೇರಿತು. ಮಕ್ಕಳು ಓ ಎಂದು ಕೂಗಿದರು. ನಿನ್ನದರಷ್ಟು ನಯವಿಲ್ಲ, ಮಹಡಿಯ ಮೂಲೆಯಲ್ಲಿ ಒಂದು ಸಲ ಎಡವುತ್ತದೆ, ಆದರೆ ಓಡುತ್ತದೆ. ಕಂಬದ್ದು ಮಾತ್ರ ಕೆಟ್ಟಿತು. ಅಲೆ ಅಲ್ಲಿಗೆ ತಲುಪಿದ ಕೂಡಲೇ ಹುಚ್ಚು ಹಿಡಿದ ಹಾಗೆ ಕಂಡ ಕಂಡ ಬಣ್ಣ ಮಿಟುಕಿಸಿ, ನಡುಗಿ, ಮಧ್ಯದಲ್ಲೇ ಆರಿತು. ಪ್ರೋಗ್ರಾಮ್ ಅದೇ, ಬೋರ್ಡು ಅಂಥದ್ದೇ. ಮತ್ತೆ ಮತ್ತೆ ಹಾಕಿದ, ಅದೇ ಕುಣಿತ. ಔಷಧಿ ಅಂಗಡಿಯ ಮೀಸೆಯವರು ಇದ್ದಾರಲ್ಲ, ಅವರಿಗೆ ಬಾಯಿ ಸುಮ್ಮನಿರಬೇಕೇ? ‘ಮಗಳು ಇದ್ದಿದ್ರೆ ಹೀಗಾಗ್ತಿರ್ಲಿಲ್ಲ. ಎಲ್ಲೋ ನಾಟಕದವರ ಜೊತೆ ಹೋದ್ಲಂತೆ, ಹೌದಾ?’ ಎಂದರು, ಎಲ್ಲರಿಗೂ ಕೇಳುವ ಹಾಗೆ. ನಾನು ಉತ್ತರ ಕೊಡಲು ಏಳಹೋದೆ, ಮಂಡಿ ಬಿಡಲಿಲ್ಲ. ಅಷ್ಟರಲ್ಲಿ ನಿನ್ನ ಅಪ್ಪ ಏಣಿಯ ಮೇಲಿಂದಲೇ ಹೇಳಿದ: ‘ಹೋಗಿಲ್ಲ ಸಾರ್, ಕರೆಸ್ಕೊಂಡಿದ್ದಾರೆ. ನಾಟಕದಲ್ಲಿ ಬೆಳಗಾಗೋದು, ಕತ್ಲಾಗೋದು ಎಲ್ಲ ಅವ್ಳ ಕೈಲಿರುತ್ತೆ. ಈ ಒಂದು ಕಂಬ ಸರಿ ಮಾಡೋಕೆ ನಂಗೆ ಆಗ್ತಿಲ್ಲ, ಅವ್ಳು ಇಡೀ ರಂಗಮಂದಿರ ನೋಡ್ಕೋತಾಳೆ.’ ಮೀಸೆಯವರು ಮೀಸೆ ಸವರಿಕೊಂಡು ಕುರ್ಚಿ ಮಡಚಿದರು.

ಮನೆಗೆ ಬಂದ ಮೇಲೆ ಅವನಿಗೆ ಚೆನ್ನಾಗಿ ಬೈದೆ. ಊರಿನವರ ಮುಂದೆ ಆಡಿದ್ದನ್ನು ಅವಳ ಮುಂದೆ ಆಡಲು ನಾಲಗೆ ಬಿದ್ದುಹೋಗಿತ್ತಾ ಎಂದು ಕೇಳಿದೆ. ಅವನು ಕಂಬದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತ. ಅವನಿಗೆ ಬೈದಾಯಿತು, ಈಗ ನಿನ್ನ ಸರದಿ. ಅವನದು ಬಾಯಿಯ ತಪ್ಪು, ನಿನ್ನದು ಕೈಯ ತಪ್ಪು. ಅವನು ಮಾತು ಜಾರಿದ್ದಕ್ಕೆ ಎರಡು ಬೆರಳಿನಿಂದ ಅಷ್ಟೂ ಸಾಲು ಕುಟ್ಟಿದ. ನೀನು ಏನು ಮಾಡುತ್ತೀಯ? ‘ಸಾರಿ ಅಜ್ಜಿ’ ಎಂದು ನನಗೆ ಸಂದೇಶ ಕಳಿಸಬೇಡ, ನನ್ನ ಬಟ್ಟೆಯ ಲೆಕ್ಕ ನಾವಿಬ್ಬರೂ ಆಮೇಲೆ ನೋಡಿಕೊಳ್ಳೋಣ. ಪ್ರೋಗ್ರಾಮನ್ನೂ ಕಳಿಸಬೇಡ, ಈಗ ನಮಗೆ ನಮ್ಮದೇ ಇದೆ. ಆ ಮನುಷ್ಯನ ಹತ್ತಿರ ನೀನು ಜಗಳವಾಡಬೇಕು, ಗಂಟಲು ಹರಿಯುವ ಹಾಗೆ. ಅದಕ್ಕೆ ಫೋನ್ ಎತ್ತಲೇಬೇಕಲ್ಲ.

ಏಣಿ ಹತ್ತುವಾಗ ನಿನ್ನ ಕಾಲು ಜಾರದಿರಲಿ, ಕರೆಂಟಿನ ಹತ್ತಿರ ಕೈ ಒದ್ದೆ ಇರದಿರಲಿ, ನೀನು ಬೆಳಗು ಮಾಡಿದಾಗ ನೋಡುವವರು ಕೆಮ್ಮದೆ ಕೂರಲಿ. ನಿನ್ನ ಜೊತೆಯ ಕೆಲಸದವರಿಗೆಲ್ಲ ನಾನು ಕೇಳಿದೆನೆಂದು ಹೇಳು, ಇಷ್ಟು ಹೊತ್ತು ಬೈದದ್ದನ್ನು ಮಾತ್ರ ಹೇಳಬೇಡ. ಅಮ್ಮ ನಿನಗೆ ಬೆಚ್ಚನೆಯ ಸಾಕ್ಸು ಕಳಿಸಬೇಕೆಂದು ಎತ್ತಿಟ್ಟಿದ್ದಾಳೆ.

ಇನ್ನೂ ಕೋಪ ಇಳಿಯದ,
ನಿನ್ನ ಅಜ್ಜಿ

ತಾ.ಕ. — ಅಂಚೆಯ ಹೊತ್ತಾಯಿತು, ಬೇಗ ಬರೆಯುತ್ತೇನೆ. ಬರುವ ಗುರುವಾರ ನಿನ್ನ ಅಪ್ಪ ರಜೆ ಹಾಕಿ ಅಲ್ಲಿಗೆ ಬರುತ್ತಿದ್ದಾನೆ, ಕಂಬದ ಬೋರ್ಡು ಹಿಡಿದುಕೊಂಡು. ‘ಇದು ಅವ್ಳೇ ನೋಡ್ಬೇಕು, ಬೇರೆ ಯಾರ ಕೈಲೂ ಆಗಲ್ಲ’ ಎನ್ನುತ್ತಾನೆ. ನಾನು ಬರೆದದ್ದು ಅವನಿಗೆ ಗೊತ್ತಿಲ್ಲ, ಗೊತ್ತಾಗಬಾರದು. ಅದರ ಪ್ರೋಗ್ರಾಮಿನಲ್ಲಿ ಏನೂ ತಪ್ಪಿಲ್ಲ. ಪಟ್ಟಿಗೂ ಬೋರ್ಡಿಗೂ ಮಧ್ಯದ ಗ್ರೌಂಡ್ ವೈರು ಬೆಸುಗೆಯಿಂದ ಕಿತ್ತು ಬಂದಿದೆ, ಅಷ್ಟೇ. ನಾನು ನಿನ್ನೆಯೇ ನೋಡಿದೆ, ಹೇಳಲಿಲ್ಲ. ಅವನೂ ನೋಡಿರಬಹುದು, ನಾನು ಕೇಳಲಿಲ್ಲ. ನೀನು ಡಬ್ಬಿ ತೆರೆದ ಕೂಡಲೇ ತಪ್ಪು ಹಿಡಿಯುತ್ತೀಯ. ಅಷ್ಟು ಬೇಗ ಹಿಡಿಯಬೇಡ.